ಹುರಿಹಗ್ಗವೂ ಜೀವತಂತುವೂ

ಇಂದಿರಾನಗರದ ನಮ್ಮ ಮನೆಯ ಹಿತ್ತಲಿನಲ್ಲಿ ಬಟ್ಟೆ ಹರವುವುದಕ್ಕೆ ತೆಂಗಿನ ನಾರಿನ ಹುರಿಹಗ್ಗವೊಂದನ್ನು ಕಟ್ಟಿದೆ. ಅದಕ್ಕಿರುವುದು ಎರಡೇ ಎಳೆ. ಅಂತಹ ಹಗ್ಗದ ಒಂದು ಕೊನೆಯನ್ನು ಕಿಟಕಿಯ ಸರಳಿಗೆ ಬಿಗಿದು, ಇನ್ನೊಂದು ಕೊನೆಯ ಎಳೆಗಳನ್ನು ಎರಡು ಕೈಯಲ್ಲಿಯೂ ಹಿಡಿದು ಅಗಲಿಸಿ ನೋಡಬಹುದು. ಮೊಳದುದ್ದ ಬಿಚ್ಚುವಷ್ಟರಲ್ಲಿಯೇ ಮುಂದಿನ ಭಾಗವು ಬಿಗಿದುಕೊಂಡು, ತನ್ನ ಮೇಲೆ ತಾನೇ ಸುತ್ತಿಕೊಂಡು ನಿಂತುಬಿಡುತ್ತದೆ. ಹುರಿಯ ಮೇಲೆ ಬೀಳುವ ಈ ಹುರಿಯನ್ನು ಅತಿಸುರುಳಿ ಎಂದು ಕರೆಯೋಣ. ಜೀವಕೋಶವು ತನ್ನ ಆನುವಂಶಿಕ ತಂತುವಾದ ಡಿ.ಎನ್.ಎ.ಯನ್ನು ಬಿಚ್ಚುವಾಗ ಎದುರಿಸುವ ತೊಡಕೂ ಇದೇ.

ತಂತು ಎರಡೆಳೆಯ ಸುರುಳಿಯೆಂದು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಸಾರಿದರು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯವನ್ನೇ ತೆಗೆದುಕೊಳ್ಳಿ. ಅದರ ಮೈಯುದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು. ಒಳಗಿರುವ ತಂತುವಿನ ಉದ್ದ ಸುಮಾರು ಒಂದೂವರೆ ಮಿಲಿಮೀಟರು! ಆ ತಂತುವಿನಲ್ಲಿರುವ ಸುತ್ತುಗಳು ನಾಲ್ಕು ಲಕ್ಷಕ್ಕೂ ಹೆಚ್ಚು. ತಂತುವಿನ ಪ್ರತಿ ಮಾಡಿಕೊಳ್ಳಲು ಅದಕ್ಕೆ ಹಿಡಿಯುವ ಕಾಲ ಸುಮಾರು 40 ನಿಮಿಷ. ಎಂದರೆ ನಿಮಿಷವೊಂದಕ್ಕೆ ಹತ್ತು ಸಾವಿರ ಸುತ್ತುಗಳನ್ನಾದರೂ ಬಿಡಿಸಬೇಕು. ತಂತುವಾದರೋ ಬಳೆಯಂತೆ ಮುಚ್ಚಿಕೊಂಡದ್ದು. ಹಗ್ಗಕ್ಕಿರುವಂತೆ ತಿರುಗಿ ಹುರಿ ಕಳೆದುಕೊಳ್ಳುವ ಬಿಡಿ ಕೊನೆಯೇ ಅದಕ್ಕಿಲ್ಲ.

ಇದು ಹೇಗೆ ಸಾಧ್ಯ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವರಲ್ಲಿ ನಮ್ಮ ಊರಿನವರೂ ಇದ್ದರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಬೆಂಗಳೂರಿನ ಹಿರಿಯರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಶಶಿಶೇಖರನ್ ಮತ್ತು ಅವರ ಸಂಗಡಿಗರು 1976ರ ಸುಮಾರಿನಲ್ಲಿ ಬೇರೊಂದು ರಚನೆಯನ್ನು ಮುಂದಿಟ್ಟರು. ಎಳೆಗಳು ಕೊಂಚ ದೂರ ಬಲಕ್ಕೆ ತಿರುಗಿ, ಬಳಿಕ ಅಷ್ಟೇ ದೂರ ಎಡಕ್ಕೆ ತಿರುಗುತ್ತ, ಒಟ್ಟಿನಲ್ಲಿ ಪಕ್ಕಪಕ್ಕದಲ್ಲಿಯೇ ಸಾಗುತ್ತವೆ ಎಂಬುದು ಅವರ ಮತ. ಹಾಗಿದ್ದರೆ ಎಳೆಗಳು ಹೆಣೆದುಕೊಂಡೇ ಇಲ್ಲ. ಬಿಡಿಸುವ ಕ್ಲೇಶವೂ ಇಲ್ಲ. ಅದೇ ವರ್ಷ ನ್ಯೂಜಿಲೆಂಡಿನ ರಾಡ್ಲಿ ಮುಂತಾದವರೂ ಬೇರೆಯಾಗಿಯೇ ಇಂತಹ ವಿಚಾರಕ್ಕೆ ಬಂದಿದ್ದರು.

ಉತ್ತರ ದೊರೆತದ್ದು ಅತಿಸುರುಳಿಯಿಂದಲೇ. ಬಳೆಯಾಗಿ ಮುಚ್ಚಿದ ತಂತುವಿನಲ್ಲಿ ಒಂದು ಎಳೆ ಇನ್ನೊಂದನ್ನು ಎಷ್ಟು ಸಲ ಸುತ್ತಿದೆಯೆಂಬ ಎಣಿಕೆ, ಎಳೆಯನ್ನು ಕತ್ತರಿಸದ ಹೊರತು, ಎಷ್ಟು ಎಳೆದಾಡಿದರೂ ಬದಲಾಗದು. ಒಂದೇ ಒಂದು ಹೆಣಿಕೆಯಷ್ಟು ಅಂತರವಿರುವ ಬಳೆಗಳೂ, ವಿದ್ಯುತ್ತು ಹರಿಸಿದ ಲೋಳೆಯ ಪದರದಲ್ಲಿ ಬೇರೆಬೇರೆ ವೇಗದಿಂದ ಸರಿದು ಪ್ರತ್ಯೇಕ ಗೆರೆಗಳಾಗಿ ನಿಲ್ಲುತ್ತವೆ. ಬೆಂಗಳೂರಿನವರ ರಚನೆ ನಿಜವಾಗಿದ್ದರೆ ಹೆಣಿಕೆಯ ಮೊತ್ತ ಸೊನ್ನೆಗೆ ಹತ್ತಿರವಿರಬೇಕು. ಅಳೆದಾಗ ಸಿಕ್ಕಿದ್ದು ಹತ್ತೂಚಿಲ್ಲರೆ ಮೆಟ್ಟಿಲಿಗೊಂದು ಹೆಣಿಕೆ. 1979ರಲ್ಲಿ ಕ್ರಿಕ್, ವಾಂಗ್, ಬೌಯರ್ ಈ ಮೂವರು ಇದನ್ನು ವಿಶದಪಡಿಸಿದ ಮೇಲೆ ವಾದವು ಬಹುಮಟ್ಟಿಗೆ ಮುಗಿಯಿತು. ಅಚ್ಚಾದ ಮಾತನ್ನು ಕೆಣಕುವವರಿದ್ದುದರಿಂದ ಅದು ಹೊಸ ಹಾದಿಯಿಂದ ಮತ್ತೊಮ್ಮೆ ಪರೀಕ್ಷೆಗೊಳಗಾಯಿತು. ಇದರಲ್ಲಿ ನಾವು ನಾಚಬೇಕಾದುದೇನೂ ಕಾಣದು. ಅದೇ ವರ್ಷ ಎಡಕ್ಕೆ ಸುತ್ತುವ ಡಿ.ಎನ್.ಎ.ಯೂ ಹರಳಿನ ರೂಪದಲ್ಲಿ ಕಂಡುಬಂದಿತೆಂಬುದನ್ನು ಹೇಳದಿರುವುದು ನ್ಯಾಯವಲ್ಲ. ಆದರೆ ಅಲ್ಲಿಯೂ ಎಳೆಗಳು ಒಂದನ್ನೊಂದು ಸುತ್ತಿಯೇ ಇದ್ದವು.

ಹಾಗಾದರೆ ಜೀವಕೋಶವು ತೊಡಕನ್ನು ಬಿಡಿಸುವುದೆಂತು? ಎಳೆಯನ್ನು ಕತ್ತರಿಸಿ, ಇನ್ನೊಂದನ್ನು ಆ ಕಂಡಿಯಲ್ಲಿ ದಾಟಿಸಿ, ಮತ್ತೆ ಬೆಸೆಯುವ ಕಿಣ್ವಗಳುಂಟು. ಟೋಪೋಐಸೊಮೆರೇಸ್ ಎಂಬುದು ಇವುಗಳ ಹೆಸರು. ಮೊದಲನೆಯದನ್ನು ವಾಂಗ್ 1971ರಲ್ಲಿ ವರದಿ ಮಾಡಿದರು; ಗೈರೇಸ್ ಎಂಬುದನ್ನು 1976ರಲ್ಲಿ ಗೆಲ್ಲರ್ಟ್ ಮತ್ತು ಸಂಗಡಿಗರು. ಗೈರೇಸ್ ತೊಡಕನ್ನು ಬಿಡಿಸುವುದಷ್ಟೇ ಅಲ್ಲ. ಶಕ್ತಿಯನ್ನು ವ್ಯಯಮಾಡಿ ತಂತುವಿನ ಹುರಿಯನ್ನು ಬೇಕೆಂದೇ ಸ್ವಲ್ಪ ಸಡಿಲಿಸಿಡುತ್ತದೆ. ಹುರಿ ಸಡಿಲಿದ ತಂತು ಅತಿಸುರುಳಿಯಾಗಿ ಅಡಕವಾಗುತ್ತದೆ. ಜೊತೆಗೆ, ಜೀನುಗಳನ್ನು ಓದಬೇಕಾದೆಡೆ ಎಳೆಗಳು ಸುಲಭವಾಗಿ ತೆರೆದುಕೊಳ್ಳುತ್ತವೆ. ಯಾವ ಜೀನು ಎಷ್ಟು ಓದಲ್ಪಡಬೇಕೆಂಬುದು ಹೀಗೆ ಹುರಿಯ ಬಿಗುವನ್ನೂ ಅವಲಂಬಿಸುತ್ತದೆ. ಮನುಷ್ಯನ ಕೋಶದಲ್ಲಿ ಸುಮಾರು ಎರಡು ಮೀಟರು ತಂತುವಿದೆ. ಅದು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳ ಮೇಲೆ ನೂಲಿನಂತೆ ಸುತ್ತಿಕೊಂಡಿರುತ್ತದೆ.

ಇದರಿಂದ ನಮಗೇನು ಎನ್ನುವವರು ಕ್ಷಯರೋಗವನ್ನು ನೆನೆಯಬೇಕು. ವಿಜ್ಞಾನ ಸಂಸ್ಥೆಯಲ್ಲಿಯೇ ವಿ. ನಾಗರಾಜ ಮತ್ತು ಅವರ ಶಿಷ್ಯರು ಕ್ಷಯಾಣುವಿನ ಮತ್ತು ಅದರ ಸಂಬಂಧಿಗಳ ಈ ಕಿಣ್ವಗಳನ್ನು ದೀರ್ಘಕಾಲ ಅಭ್ಯಸಿಸಿದ್ದಾರೆ. ತಂತುವಿನ ಅತಿಸುರುಳಿ ಕಡಮೆಯಾದರೆ ಗೈರೇಸಿನ ಜೀನು ಹೆಚ್ಚು ಓದಲ್ಪಟ್ಟು ಕೊರತೆ ತುಂಬುತ್ತದೆಂದು ಅವರು 1999ರಲ್ಲಿ ಕ್ಷಯಾಣುವಿನ ಸಂಬಂಧಿಯೊಂದರಲ್ಲಿ ವಿವರಿಸಿದರು. ಇ. ಕೋಲಿಯಲ್ಲಿ ಇಂತಹ ಕಿಣ್ವಗಳು ನಾಲ್ಕು. ಕ್ಷಯಾಣುವಿನಲ್ಲಿ ಎರಡೇ, ಹುರಿಯನ್ನು ಸಡಿಲಿಸುವ ಗೈರೇಸ್ ಒಂದು, ಆ ಸಡಿಲಿಕೆ ಮಿತಿಮೀರದಂತೆ ತಡೆಯುವ ಟೋಪೋಐಸೊಮೆರೇಸ್ ಒಂದು. ಬದಲಿ ಆಳಿಲ್ಲದ ಮನೆ! ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಎಂಬ ಔಷಧಗಳು ಗೈರೇಸನ್ನು ಹಿಡಿದು, ಅದು ಕತ್ತರಿಸಿದ ಎಳೆಗಳನ್ನು ಬೆಸೆಯದಂತೆ ಮಾಡುತ್ತವೆ; ಇತರ ಮದ್ದುಗಳಿಗೆ ಬಗ್ಗದ ಕ್ಷಯಕ್ಕೆ ಇವನ್ನು ಕೊಡುವುದುಂಟು. ಗೈರೇಸಿನ ಜೀನು ಕೊಂಚ ಮಾರ್ಪಟ್ಟರೆ ಇವೂ ನಾಟುವುದಿಲ್ಲ. ಎರಡನೆಯ ಕಿಣ್ವವಿಲ್ಲದೆ ಕ್ಷಯಾಣು ಬದುಕಲಾರದೆಂಬುದನ್ನು ನಾಗರಾಜರ ತಂಡ 2014ರಲ್ಲಿ ತೋರಿಸಿತು. ಅದನ್ನು ತಡೆಯುವ ಔಷಧವು ಚಿಕಿತ್ಸೆಗೆ ಇನ್ನೂ ಬಂದಿಲ್ಲ.