ಟಿನ್ ಫ್ಯಾಕ್ಟರಿ ಧೂಳು, ಮಿಟುಕುವ ಕಣ್ಣು

ಕೆ.ಆರ್. ಪುರದ ತೂಗುಸೇತುವೆ ಇಳಿದು ಟಿನ್ ಫ್ಯಾಕ್ಟರಿ ಕಡೆ ಬೈಕಲ್ಲಿ ಬರ್ತಿದ್ದೀರಿ. ಎಡಗಣ್ಣಿಗೆ ಧೂಳಿನ ಕಣ ಬಿತ್ತು. ಯೋಚಿಸೋ ಮೊದಲೇ ಎರಡೂ ಕಣ್ಣು ಮುಚ್ಚಿದವು.

ಎರಡೂ ಯಾಕೆ? ಧೂಳು ತಾಗಿದ ಸುದ್ದಿಯನ್ನು ಐದನೇ ಕಪಾಲ ನರ ಮಿದುಳುಕಾಂಡದ ನಡುಭಾಗಕ್ಕೆ, ಅಂದ್ರೆ ಪಾನ್ಸ್‌ಗೆ ಮುಟ್ಟಿಸುತ್ತೆ. ಅಲ್ಲಿಂದ ಎಡ, ಬಲ ಎರಡೂ ಕಡೆಯ ಏಳನೇ ನರಕ್ಕೆ ಆಜ್ಞೆ ಹೊರಡುತ್ತೆ.

ಹೆಬ್ಬೆರಳಿನಷ್ಟೇ ಇರೋ ಈ ಕಾಂಡಕ್ಕೆ 12 ಜೋಡಿ ಕಪಾಲ ನರಗಳಲ್ಲಿ 10 ಜೋಡಿ ಅಂಟಿಕೊಂಡಿವೆ. ವಾಸನೆ ಮತ್ತು ನೋಟದ ನರಗಳು ಮಾತ್ರ ಬೇರೆ. ಕೆಳತುದಿಯ ಮೆಡುಲ್ಲಾ ನಿಮ್ಮ ಉಸಿರಾಟವನ್ನೇ ನಡೆಸುತ್ತೆ.

ಅದಕ್ಕೇ ಐಸಿಯುನಲ್ಲಿ ಮಿದುಳುಕಾಂಡದ ಸಾವನ್ನು ಖಚಿತಪಡಿಸುವಾಗ ವೈದ್ಯರು ಹತ್ತಿ ಎಳೆಯಿಂದ ಕಾರ್ನಿಯಾ ಮುಟ್ಟುತ್ತಾರೆ. ಪಾಪೆಗೆ ಬೆಳಕು ಬಿಡ್ತಾರೆ, ಕಿವಿಗೆ ತಣ್ಣೀರು ಹಾಯಿಸ್ತಾರೆ. ವೆಂಟಿಲೇಟರ್ ಬಿಡಿಸಿ, ಆಮ್ಲಜನಕ ಕೊಡ್ತಾ, ಸ್ವಂತ ಉಸಿರು ಬರುತ್ತಾ ಅಂತ ಕಾಯ್ತಾರೆ. 1994ರ ಅಂಗಾಂಗ ಕಸಿ ಕಾಯ್ದೆಯಡಿ ಈ ಪರೀಕ್ಷೆ ಎರಡು ಸಲ, ಕನಿಷ್ಠ 6 ಗಂಟೆ ಅಂತರದಲ್ಲಿ ಆಗಲೇಬೇಕು. ಕೋಮಾದಿಂದ ಎದ್ದವರಿದ್ದಾರೆ, ಮಿದುಳುಕಾಂಡದ ಸಾವಿನಿಂದ ಎದ್ದವರಿಲ್ಲ.

2021ರ ಜೂನ್‌ನಲ್ಲಿ, ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ, ಅಂಥ ನೋವಿನಲ್ಲೂ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಕರ್ನಾಟಕದಲ್ಲಿ ಈ ದಾನದ ಹೊಣೆ ಹೊತ್ತಿರೋದು ಸರ್ಕಾರದ ಜೀವಸಾರ್ಥಕತೆ ಸಂಸ್ಥೆ.