ಉಪ್ಪುನೀರಿನ ಅಂಚಿನ ಅನ್ನ: ಮಾಂಡವಿ ದ್ವೀಪಗಳ ಖಾಜನ್ ಬೇಸಾಯ

ಪಣಜಿಯಿಂದ ಪೂರ್ವಕ್ಕೆ, ಮಾಂಡವಿ ನದಿಯ ಅಳಿವೆ ಪ್ರದೇಶದಲ್ಲಿ ಚೋಡಣ, ದಿವಾಡಿ ಮತ್ತು ಜುವೆಂ ಎಂಬ ಮೂರು ನದಿದ್ವೀಪಗಳಿವೆ. ಇವು ಸೇರಿರುವ ತಿಸವಾಡಿ ತಾಲೂಕಿನ ಹೆಸರಿನಲ್ಲಿ ಮೂವತ್ತು ಊರುಗಳ ನೆನಪಿದೆ. ಪೋರ್ತುಗೀಸರು ಇದೇ ಸೀಮೆಯನ್ನು ‘ಇಲ್ಹಾಸ್’, ಅಂದರೆ ದ್ವೀಪಗಳು, ಎಂದು ಕರೆದರು. ಕರಾವಳಿ ಕನ್ನಡದಲ್ಲಿ ಹೊಳೆಯ ನಡುಗಡ್ಡೆಗೆ ‘ಕುದ್ರು’ ಎಂಬ ಮಾತಿರುವಂತೆ ಕೊಂಕಣಿಯಲ್ಲಿ ದ್ವೀಪಕ್ಕೆ ‘ಜುಂವೊ’ ಎನ್ನುತ್ತಾರೆ. ಜುವೆಂ ಊರಿನ ಹೆಸರು ಅದರಿಂದಲೇ ಬಂದುದು. ತರಕಾರಿ ಬೆಳೆಗೆ ಹೆಸರಾದ ಈ ಊರನ್ನು ಹಿಂದಿನವರು ‘ಶಾಕೆಚೊ ಜುಂವೊ’, ಅಂದರೆ ಕಾಯಿಪಲ್ಯದ ದ್ವೀಪ, ಎಂದು ಗುರುತಿಸುತ್ತಿದ್ದರು.

ಕನ್ನಡದ ಓದುಗರಿಗೆ ಈ ದ್ವೀಪಗಳು ಹೊಸವಲ್ಲ. ಗೋವೆಯ ಕದಂಬರ ಆರಾಧ್ಯದೈವವಾದ ಸಪ್ತಕೋಟೇಶ್ವರನ ದೇಗುಲ ಮೊದಲು ಇದ್ದುದು ದಿವಾಡಿಯ ನಾರ್ವೆಯಲ್ಲಿ. ಹದಿನಾರನೆಯ ಶತಮಾನದಲ್ಲಿ ಅದು ನಾಶವಾದ ಮೇಲೆ ದೇವರು ಹೊಳೆ ದಾಟಿ ಡಿಚೋಲಿ ಸೀಮೆಗೆ ಹೋಯಿತು. 1668ರಲ್ಲಿ ಶಿವಾಜಿಯು ಅಲ್ಲಿಯ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದನು. ಕದಂಬರ ಶಾಸನಗಳ ಮೂಲಕ ಗೋವೆಯನ್ನು ಬಲ್ಲ ಕನ್ನಡ ವಿದ್ವತ್ತು ಆ ನೆಲದ ಬೇಸಾಯದತ್ತ ಕಣ್ಣು ಹಾಯಿಸಿದ್ದು ಕಡಿಮೆ. ಆದರೆ ಅಲ್ಲಿಯ ಗದ್ದೆಯ ಪದ್ಧತಿ ಕುಮಟೆಯ ಗಜನಿಗೂ ಕಾಸರಗೋಡು ಜಿಲ್ಲೆಯ ಕೈಪಾಡಿಗೂ ಸೋದರ ಸಂಬಂಧಿಯಾಗಿದೆ.

ಭರತದ ನೀರು ಮತ್ತು ಮಾನಸ

ದ್ವೀಪದ ಬೇಸಾಯದ ನೆಲವನ್ನು ಎತ್ತರಕ್ಕೆ ತಕ್ಕಂತೆ ಮೂರಾಗಿ ವಿಂಗಡಿಸುವುದು ರೂಢಿ. ಮೇಲಿನ ಒಣನೆಲ ‘ಮೊರಡ್’, ನಡುವಿನ ಮರಳು ಬೆರೆತ ನೆಲ ‘ಖೇರ್’, ಹೊಳೆಯಂಚಿನ ತಗ್ಗು ‘ಖಾಜನ್’. ಮೊದಲ ಪದವನ್ನು ಕೇಳಿದಾಗ ಕನ್ನಡಿಗನಿಗೆ ‘ಮರಡಿ’ಯೂ ಕೊನೆಯದನ್ನು ಕೇಳಿದಾಗ ‘ಗಜನಿ’ಯೂ ನೆನಪಾಗುವುದು ಸಹಜ. ಗೋವೆಯಾದ್ಯಂತ ಸುಮಾರು 18,000 ಹೆಕ್ಟೇರ್ ಖಾಜನ್ ಭೂಮಿ ಇದೆಯೆಂಬ ಅಂದಾಜು ಅಧ್ಯಯನಗಳಲ್ಲಿ ಮರಳಿ ಮರಳಿ ಬರುತ್ತದೆ.

ಖಾಜನ್ ಭೂಮಿ ನಿಸರ್ಗದತ್ತವಲ್ಲ. ಭರತದ ವೇಳೆ ಉಪ್ಪುನೀರು ನುಗ್ಗುವ ಕೆಸರುನೆಲಕ್ಕೆ ಕಟ್ಟೆ ಹಾಕಿ ಪಡೆದುಕೊಂಡ ಗದ್ದೆ ಅದು. ಹೊಳೆಯ ಮೆಕ್ಕಲುಮಣ್ಣು, ಹುಲ್ಲು ಮತ್ತು ಮುರಕಲ್ಲಿನಿಂದ ಕಟ್ಟಿದ ಈ ಒಡ್ಡಿಗೆ ‘ಬಾಂದ್’ ಎಂದು ಹೆಸರು. ಒಡ್ಡಿನ ಹೊರಗೆ ಬೆಳೆದ ಕಾಂಡ್ಲಾ ಗಿಡಗಳು ಅಲೆಯ ಹೊಡೆತವನ್ನು ತಡೆಯುತ್ತವೆ. ಒಡ್ಡಿನಲ್ಲಿ ಅಲ್ಲಲ್ಲಿ ಮರದ ಬಾಗಿಲುಗಳುಳ್ಳ ತೂಬು ಇರುತ್ತದೆ, ಅದೇ ‘ಮಾನಸ’. ಹೊಳೆಯ ನೀರು ಏರಿದಾಗ ಅದರ ಒತ್ತಡಕ್ಕೆ ಬಾಗಿಲು ತಾನಾಗಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ. ಮಾನಸದ ಒಳಬದಿಗೆ ‘ಪೊಯ್ಂ’ ಎಂಬ ಆಳವಾದ ಹೊಂಡವಿರುತ್ತದೆ. ಗದ್ದೆಯ ಕಾಲುವೆಗಳೆಲ್ಲ ಬಂದು ಕೂಡುವುದೂ ಮೀನು ತಂಗುವುದೂ ಅಲ್ಲಿಯೇ.

ಈ ಏರ್ಪಾಡಿನ ಗುಟ್ಟು ಮಳೆಯಲ್ಲಿದೆ. ಜೂನ್ ತಿಂಗಳಿನ ಮೊದಲ ಜಡಿಮಳೆಗಳು ಮಣ್ಣಿನ ಉಪ್ಪನ್ನು ಕರಗಿಸುತ್ತವೆ. ಕರಗಿದ ಉಪ್ಪು ಪ್ರತಿ ಇಳಿತದಲ್ಲಿಯೂ ಮಾನಸದ ಮೂಲಕ ಹೊಳೆ ಸೇರುತ್ತದೆ. ನೆಲ ಸಾಕಷ್ಟು ಸಿಹಿಯಾದ ಬಳಿಕ ಮೊಳಕೆ ಬರಿಸಿದ ಬೀಜ ಬೀಳುತ್ತದೆ. ಬಿತ್ತುವುದು ‘ಕೋರ್ಗುಟ್’ ಎಂಬ ಎತ್ತರದ ಪೈರಿನ, ಕೆಂಪಕ್ಕಿಯ ದೇಸಿ ಭತ್ತ. ಉಳಿದಿರುವ ಉಪ್ಪನ್ನೂ ಕೆಲವು ದಿನದ ಮುಳುಗಡೆಯನ್ನೂ ಅದು ತಾಳಿಕೊಳ್ಳಬಲ್ಲದು. ಗೊಬ್ಬರ, ಕೀಟನಾಶಕಗಳನ್ನು ಅದು ಬೇಡುವುದಿಲ್ಲ. ಭರತದ ನೀರು ತಂದು ಹಾಸಿದ ಮೆಕ್ಕಲೇ ಅದಕ್ಕೆ ಸಾರ. ಹಳೆಯ ಗೋವೆಯ ಎಲಾದಲ್ಲಿರುವ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯು ಗೋವಾ ಧಾನ್ 1 ಮತ್ತು ಗೋವಾ ಧಾನ್ 2 ತಳಿಗಳನ್ನು ಆಯ್ದು ಪಡೆದುದು ಈ ಭತ್ತದಿಂದಲೇ. ಕುಮಟೆಯ ಅಘನಾಶಿನಿ ಗಜನಿಗಳ ಕಗ್ಗ, ಕೇರಳದ ಪೊಕ್ಕಾಳಿ ಇದೇ ಗುಣದ ಭತ್ತಗಳು.

ಋತುವಿನ ಊಟ

ದ್ವೀಪದ ಅಡುಗೆಮನೆ ಈ ನೀರಿನ ಪಂಚಾಂಗವನ್ನೇ ಅನುಸರಿಸುತ್ತದೆ. ಮೇ ತಿಂಗಳಲ್ಲಿ ‘ಪುರುಮೆಂತ್’ ನಡೆಯುತ್ತದೆ. ಪೋರ್ತುಗೀಸಿನಿಂದ ಬಂದ ಈ ಪದಕ್ಕೆ ಮಳೆಗಾಲದ ದಾಸ್ತಾನು ಎಂದು ಅರ್ಥ. ಒಣಮೀನು, ಒಣಸೀಗಡಿ, ಹುಣಸೆ, ಮೆಣಸಿನಕಾಯಿ, ಮುರುಗಲ ಸಿಪ್ಪೆ, ಹತ್ತಿರದ ಆಗರಗಳ ಉಪ್ಪು ಇವು ಮನೆ ತುಂಬುತ್ತವೆ. ಉಪ್ಪಿನಾಗರಕ್ಕೆ ಅಲ್ಲಿ ‘ಮಿಠಾಗರ’ ಎನ್ನುತ್ತಾರೆ. ‘ಆಗರ’ ಎರಡು ಭಾಷೆಗಳಿಗೂ ಸಮಾನವಾಗಿದೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಸಮುದ್ರದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಊಟಕ್ಕೆ ಒದಗುವುದು ಪುರುಮೆಂತಿನ ದಾಸ್ತಾನು ಮತ್ತು ಹೊಳೆಯ ಮೀನು. ಒಣಸೀಗಡಿಗೆ ತೆಂಗಿನತುರಿ ಬೆರೆಸಿದ ‘ಕಿಸ್ಮೂರ್’, ಕೋರ್ಗುಟ್ಟಿನ ಕುಸುಬಲಕ್ಕಿಯ ‘ಪೇಜ್’ ಮಳೆಗಾಲದ ಸಾಮಾನ್ಯ ಊಟ. ಇದೇ ಹೊತ್ತಿಗೆ ಬೇಲಿಬದಿಯಲ್ಲಿ ‘ತಾಯ್ಕಿಳೊ’, ಅಂದರೆ ತಗಟೆ ಸೊಪ್ಪು, ಚಿಗುರುತ್ತದೆ. ಕೆಸುವಿನ ಎಲೆ ಹರಡುತ್ತದೆ. ಅಮಟೆಕಾಯಿ ಹುಳಿಗೆ ಒದಗುತ್ತದೆ. ಬಿತ್ತದೆ ದೊರೆಯುವ ಈ ಆಹಾರ ಕೆಲವೇ ವಾರಗಳದ್ದು.

ಜುವೆಂನ ವಿಶೇಷವಾದ ಏಳು ಏಣಿನ ಬೆಂಡೆಕಾಯಿಯೂ ಮಳೆಗಾಲದ ಬೆಳೆ. ‘ಸಾತ್ ಶಿರಾಂಚೊ ಭೆಂಡೊ’ ಎಂದು ಕರೆಯುವ ಈ ತಿಳಿಹಸಿರು ಉದ್ದಕಾಯಿಗೆ ಪಣಜಿಯ ಮಾರುಕಟ್ಟೆಯಲ್ಲಿ ಪ್ರತ್ಯೇಕ ಬೆಲೆಯುಂಟು. ಹೊಸ ತೆನೆ ಮೂಡಿದಾಗ ದ್ವೀಪದ ಇಗರ್ಜಿಗಳಲ್ಲಿ ತೆನೆಯನ್ನು ಆಶೀರ್ವದಿಸುತ್ತಾರೆ. ಹಿಂದೂ ಮನೆಗಳಲ್ಲಿ ಚೌತಿಯ ವೇಳೆಗೆ ‘ನೊವೆಂ’ ನಡೆಯುತ್ತದೆ. ಒಂದೇ ಪೈರು ಎರಡು ಮತಗಳ ಹಬ್ಬವನ್ನು ನಿರ್ಧರಿಸುತ್ತದೆ. ಅಕ್ಟೋಬರಿನ ಕಟಾವಿನ ಬಳಿಕ ಖೇರ್ ನೆಲದಲ್ಲಿ ಕೆಂಪು ಹರಿವೆ, ಮೂಲಂಗಿ, ಗೆಣಸು, ಅಲಸಂದೆ ಬರುತ್ತವೆ. ಇತ್ತ ಖಾಜನ್ ಮೀನಿನ ಹೊಲವಾಗುತ್ತದೆ: ಇಳಿತದಲ್ಲಿ ಮಾನಸದ ಬಾಯಿಗೆ ಚೀಲಬಲೆ ಕಟ್ಟಿ ಸೀಗಡಿ, ಶೇವ್ಟೊ, ಕಾಳುಂದರ್ ಹಿಡಿಯುತ್ತಾರೆ.

ಒಡ್ಡು ಯಾರದು?

ಕಿಲೋಮೀಟರುಗಟ್ಟಲೆ ಹಬ್ಬಿದ ಒಡ್ಡನ್ನು ಒಂದು ಕುಟುಂಬ ಕಾಯಲಾರದು. ಒಂದೆಡೆ ಏಡಿ ಕೊರೆದ ಬಿಲ ದೊಡ್ಡದಾದರೂ ನೂರಾರು ಗದ್ದೆಗಳಿಗೆ ಉಪ್ಪು ನುಗ್ಗುತ್ತದೆ. ಆದುದರಿಂದ ಖಾಜನ್ ಇದ್ದಲ್ಲೆಲ್ಲ ಸಾಮುದಾಯಿಕ ಒಡೆತನ ಅನಿವಾರ್ಯವಾಯಿತು. ‘ಗಾಂವಕಾರಿ’ ಎಂಬ ಗ್ರಾಮಸಂಸ್ಥೆಯು ಗದ್ದೆಗಳನ್ನು ಹರಾಜಿನಲ್ಲಿ ಗೇಣಿಗೆ ಕೊಟ್ಟು, ಮಾನಸದ ಮೀನನ್ನೂ ಹರಾಜು ಹಾಕಿ, ಬಂದ ಆದಾಯದಿಂದ ಒಡ್ಡು ದುರಸ್ತಿ ಮಾಡಿಸುತ್ತಿತ್ತು; ಉಳಿದುದನ್ನು ಗಾಂವಕಾರರಿಗೆ ‘ಜೋನ್’ ಎಂದು ಹಂಚುತ್ತಿತ್ತು. ಪೋರ್ತುಗೀಸ್ ಅಧಿಕಾರಿ ಅಫೊನ್ಸು ಮೆಶಿಯ 1526ರಲ್ಲಿ ಈ ರೂಢಿಗಳನ್ನು ಸನ್ನದಿನ ರೂಪದಲ್ಲಿ ಬರಹಕ್ಕಿಳಿಸಿದನು. ದಿವಾಡಿಯಲ್ಲಿ ಆಗಸ್ಟ್ ತಿಂಗಳಿನ ನಾಲ್ಕನೆಯ ಶನಿವಾರ ನಡೆಯುವ ‘ಬೊಂದೆರಾಂ’ ಬಾವುಟದ ಹಬ್ಬವು ವಾಡೆಗಳ ನಡುವಿನ ಗಡಿವ್ಯಾಜ್ಯದ ನೆನಪನ್ನು ಇಂದಿಗೂ ಉಳಿಸಿದೆ.

ಈ ಸಂಸ್ಥೆಯನ್ನು ಆದರ್ಶವಾಗಿ ಚಿತ್ರಿಸುವುದು ತಪ್ಪಾಗುತ್ತದೆ. ಗಾಂವಕಾರಿಕೆ ಪುರುಷ ಸಂತತಿಗೆ ಮಾತ್ರ ಸಲ್ಲುತ್ತಿತ್ತು. ಕೆಸರು ಹೊತ್ತು ಒಡ್ಡು ಕಟ್ಟಿದ ದುಡಿಮೆಗಾರರಿಗೆ ಜೋನಿನ ಪಾಲು ಇರಲಿಲ್ಲ. 1961ರ ವಿಮೋಚನೆಯ ನಂತರ ಬಂದ 1964ರ ಕೃಷಿ ಗೇಣಿ ಕಾಯಿದೆ ಉಳುವವನಿಗೆ ರಕ್ಷಣೆ ನೀಡಿತು. 1976ರ ತಿದ್ದುಪಡಿ ಅವನನ್ನು ಒಡೆಯನೆಂದು ಭಾವಿಸಿತು. ನ್ಯಾಯದ ದೃಷ್ಟಿಯಿಂದ ಅದು ಅಗತ್ಯವಾಗಿದ್ದ ಕ್ರಮ. ಆದರೆ ನೆಲ ಹಂಚಿಹೋದಂತೆ ಒಡ್ಡು ಹಂಚಿಹೋಗುವಂತಿರಲಿಲ್ಲ. ಅದರ ಹೊಣೆ ಹೊತ್ತ ಗೇಣಿದಾರರ ಸಂಘಗಳು ಹಲವೆಡೆ ದುರ್ಬಲಗೊಂಡವು. ಭತ್ತಕ್ಕಿಂತ ಮೀನಿನ ಹರಾಜು ಹೆಚ್ಚು ಹಣ ತರತೊಡಗಿದಾಗ, ಉಪ್ಪುನೀರು ಒಳಗೇ ನಿಲ್ಲುವಂತೆ ಮಾನಸವನ್ನು ತೆರೆದಿಡುವ ಆಸೆಯೂ ಹುಟ್ಟಿತು. ಮಾಂಡವಿಯಲ್ಲಿ ಅದಿರು ಸಾಗಿಸುವ ಬಾರ್ಜುಗಳ ಅಲೆಗಳು ಒಡ್ಡನ್ನು ಸವೆಸಿದವು. ಒಡ್ಡು ಒಡೆದ ಗದ್ದೆಗೆ ಕೆಲವೇ ವರ್ಷಗಳಲ್ಲಿ ಕಾಂಡ್ಲಾ ನುಗ್ಗುತ್ತದೆ. ಕಾಂಡ್ಲಾ ಕಾನೂನಿನ ರಕ್ಷಣೆ ಪಡೆದಿರುವುದರಿಂದ ಮತ್ತೆ ಗದ್ದೆ ಮಾಡುವುದು ಕಷ್ಟ. ಒಡ್ಡನ್ನು ಹೊರಗಿನಿಂದ ಕಾಯುವ ಗಿಡವೇ ಒಳಗೆ ಬಂದಾಗ ಗದ್ದೆಯ ಅಂತ್ಯವನ್ನು ಸೂಚಿಸುತ್ತದೆ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಖಾಜನ್ ಭೂಮಿಯ ನಕ್ಷೆ ತಯಾರಿಸಬೇಕೆಂದೂ ಅಲ್ಲಿ ಅಭಿವೃದ್ಧಿ ಚಟುವಟಿಕೆಗೆ ಅವಕಾಶ ಕೊಡಬಾರದೆಂದೂ ಹೇಳಿತು. ಆದರೆ ಕಟ್ಟಡವನ್ನು ತಡೆಯುವ ಕಾನೂನು ಬಿತ್ತನೆಯನ್ನು ತರಲಾರದು.

ಪದಗಳ ಉಳಿವು

ಇಂದು ಗೋವೆಯ ದಿನನಿತ್ಯದ ತರಕಾರಿಯ ಬಹುಭಾಗ ಬೆಳಗಾವಿ ಕಡೆಯಿಂದ ಘಟ್ಟ ಇಳಿದು ಬರುತ್ತದೆ. ಗದ್ದೆಯ ಕೂಲಿಗೂ ಉತ್ತರ ಕರ್ನಾಟಕದವರು ಬರುತ್ತಾರೆ. ಹೀಗೆ ದ್ವೀಪದ ಊಟದೊಂದಿಗೆ ಕನ್ನಡದ ನಂಟು ಹೊಸ ರೂಪದಲ್ಲಿ ಮುಂದುವರಿದಿದೆ. ಬಯಲುಸೀಮೆಯಿಂದ ಬಂದ ದುಡಿಮೆಗಾರನಿಗೆ ಭರತ, ಇಳಿತ, ಮಾನಸ, ಪೊಯ್ಂ ಎಲ್ಲವೂ ಅಪರಿಚಿತ. ಕುಮಟೆಯ ಗಜನಿ ರೈತನಿಗಾದರೋ ಅವು ಪರಿಚಿತ ವಸ್ತುಗಳು, ಹೆಸರು ಮಾತ್ರ ಬೇರೆ. ಒಂದೇ ಭಾಷೆಯನ್ನಾಡುವ ಇಬ್ಬರಲ್ಲಿ ಈ ನೆಲವನ್ನು ಓದಬಲ್ಲವನು ಒಬ್ಬನೇ. ಕಸುಬಿನ ಜ್ಞಾನವು ಭಾಷೆಯ ಗಡಿಗಿಂತ ಉಪ್ಪುನೀರಿನ ಗಡಿಯನ್ನು ಅನುಸರಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾಸರಗೋಡಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳ ಹೆಸರನ್ನು ಹೇಳಬಲ್ಲವರು ಇರುವುದು ಆ ಬೆಳೆಗಳನ್ನು ತೆಗೆದವರು ಇರುವವರೆಗೆ. ಗೋವೆಯ ‘ಸೊರೊದ್’, ‘ವಾಯಂಗಣ’ಗಳ ಪಾಡೂ ಇದೇ. ನಿಘಂಟಿನಲ್ಲಿ ‘ಮಾನಸ’ಕ್ಕೆ ‘ತೂಬು’ ಎಂದು ಅರ್ಥ ಬರೆದರೆ ಪದ ಉಳಿಯಬಹುದು. ಯಾವ ತಿಥಿಯ ಭರತಕ್ಕೆ ಹಲಗೆ ಇಳಿಸಬೇಕು, ಯಾವ ಮಳೆಯ ನಂತರ ಬೀಜ ಬಿಡಬೇಕು ಎಂಬ ತಿಳಿವು ಅದರಲ್ಲಿ ಬರುವುದಿಲ್ಲ. ಖಾಜನ್, ಗಜನಿ, ಕೈಪಾಡ್ ಈ ಮೂರರ ಕಸುಬಿನ ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಡ್ಡಿನ ಮೇಲೆ ನಡೆದಾಡುವ ಹಿರಿಯರ ಬಾಯಿಂದಲೇ ದಾಖಲಿಸುವ ಕೆಲಸಕ್ಕೆ ಇನ್ನೂ ಅವಕಾಶವಿದೆ. ಆ ಅವಕಾಶದ ಅವಧಿಯನ್ನು ನಿರ್ಧರಿಸುವುದು ಒಡ್ಡುಗಳ ಬಾಳಿಕೆಯೇ.