ಕಮಿಟ್ ಆಗೋದು ಅಂದ್ರೆ ಸ್ಟೇಟಸ್ ಹಾಕೋದಲ್ಲ

ನಮ್ಮ ಹಾಸ್ಟೆಲ್‌ನಲ್ಲಿ ಇರುವುದು ಎರಡೇ ಪಂಗಡ. ಒಂದು ಸಿಂಗಲ್, ಇನ್ನೊಂದು ಕಮಿಟೆಡ್. ಎರಡು ವರ್ಷದಿಂದ ನಾನು ಎರಡನೇ ಪಂಗಡದವನು. ಆದರೆ ಕಮಿಟ್ ಆಗುವುದು ಅಂದರೇನು ಅಂತ ಯೋಚಿಸಿದ್ದು ಮಾತ್ರ ಕಳೆದ ತಿಂಗಳು.

ಇಂಟರ್ನಲ್ಸ್ ಮುಗಿದ ದಿನ ಅವಳು ಕೇಳಿದಳು, ‘ನಾನು ಎಂ.ಎಸ್. ಮಾಡೋಕೆ ಹೊರದೇಶಕ್ಕೆ ಹೋದರೆ ನಮ್ಮ ಕಥೆ ಏನೋ?’ ನಾನು ಥಟ್ಟನೆ, ‘ಮೊದಲು ಪ್ಲೇಸ್‌ಮೆಂಟ್ ಆಗಲಿ, ಆಮೇಲೆ ನೋಡೋಣ’ ಎಂದೆ. ಅವಳು ಮಾತಾಡದೆ ಬಸ್ ಹತ್ತಿದಳು.

ಆ ಶನಿವಾರ ರೂಮ್‌ಮೇಟ್ ಲ್ಯಾಪ್‌ಟಾಪ್‌ನಲ್ಲಿ ‘ಓ ಕಾದಲ್ ಕಣ್ಮಣಿ’ ಹಾಕಿದ. 2015ರ ತಮಿಳು ಸಿನಿಮಾ. ನಿರ್ದೇಶಕ ಮಣಿರತ್ನಂ. ಅವರ ಮೊದಲ ಸಿನಿಮಾ ನಮ್ಮ ಕನ್ನಡದ ‘ಪಲ್ಲವಿ ಅನುಪಲ್ಲವಿ’ ಅನ್ನೋದು ಗೊತ್ತಲ್ಲ? ಈ ಕಥೆ ನಡೆಯುವುದು ಮುಂಬೈನಲ್ಲಿ. ಆದಿ (ದುಲ್ಕರ್ ಸಲ್ಮಾನ್) ವಿಡಿಯೊ ಗೇಮ್ ಮಾಡುವ ಹುಡುಗ, ಅವನ ಕಣ್ಣು ಅಮೆರಿಕದ ಮೇಲೆ. ತಾರಾ (ಬೆಂಗಳೂರಿನ ಹುಡುಗಿ ನಿತ್ಯಾ ಮೆನನ್) ಆರ್ಕಿಟೆಕ್ಟ್, ಪ್ಯಾರಿಸ್‌ಗೆ ಓದಲು ಹೋಗಬೇಕೆಂದಿರುವವಳು. ಅಪ್ಪ-ಅಮ್ಮ ಬೇರೆಯಾದದ್ದನ್ನು ಕಂಡವಳಿಗೆ ಮದುವೆ ಮೇಲೆ ನಂಬಿಕೆ ಇಲ್ಲ. ಅವನಿಗೂ ಬೇಡ. ಹೊರಡುವ ತನಕ ಜೊತೆಗಿರೋಣ, ಆಮೇಲೆ ಅವರವರ ದಾರಿ ಅವರಿಗೆ ಎಂಬ ಲೆಕ್ಕಾಚಾರ. ತಾರಾಳನ್ನೂ ತನ್ನ ರೂಮಿನಲ್ಲಿ ಇರಿಸಿಕೊಳ್ಳಲು ಮನೆ ಯಜಮಾನರೆದುರು ಆದಿ ಪಡುವ ಪಾಡಿಗೆ ನಮ್ಮ ರೂಮಿಡೀ ನಗು.

ಆ ಯಜಮಾನರೇ ಗಣಪತಿ, ಅಂದರೆ ನಮ್ಮ ಪ್ರಕಾಶ್ ರೈ. ಅವರ ಹೆಂಡತಿ ಭವಾನಿಗೆ (ಲೀಲಾ ಸ್ಯಾಮ್ಸನ್) ಅಲ್ಜೈಮರ್. ಒಂದು ಕಾಲದ ಗಾಯಕಿಗೆ ಈಗ ನೆನಪು ಒಂದೊಂದೇ ಕೈಬಿಡುತ್ತಿದೆ. ಗಣಪತಿ ದೊಡ್ಡ ಮಾತು ಆಡುವುದಿಲ್ಲ. ಬೇಸರವಿಲ್ಲದೆ ದಿನವೂ ಹೆಂಡತಿಯ ಜೊತೆ ಇರುತ್ತಾರೆ, ಅಷ್ಟೇ. ಒಂದು ಮನೆಯಲ್ಲಿ ಎರಡು ಜೋಡಿ. ಒಂದು ಜೋಡಿ ದಿನ ಎಣಿಸುತ್ತಿದೆ, ಇನ್ನೊಂದು ಎಣಿಸುವುದನ್ನೇ ಮರೆತಿದೆ.

ಕೊನೆಗೆ ಆದಿ, ತಾರಾ ಮದುವೆಯಾಗುತ್ತಾರೆ. ಹಾಗಂತ ಯಾರೂ ತಮ್ಮ ಕನಸು ಬಿಟ್ಟುಕೊಡುವುದಿಲ್ಲ. ಅವಳು ಪ್ಯಾರಿಸ್‌ಗೆ, ಇವನು ಅಮೆರಿಕಕ್ಕೆ. ನನಗೆ ನಾಟಿದ್ದು ಅದೇ. ಕೆಲಸ ಬೇಕಾ, ಪ್ರೀತಿ ಬೇಕಾ ಎಂದು ನಾವು ಪ್ರಶ್ನೆ ಹಾಕಿಕೊಳ್ಳುವ ರೀತಿಯೇ ತಪ್ಪಿರಬಹುದು. ಪ್ಲೇಸ್‌ಮೆಂಟ್ ಅನ್ನೋದು ನನಗೆ ಕಾರಣ ಆಗಿರಲಿಲ್ಲ, ನೆಪ ಆಗಿತ್ತು. ಭಯ ಇದೆ ಅಂತ ಒಪ್ಪಿಕೊಳ್ಳಲು ಧೈರ್ಯ ಇರಲಿಲ್ಲ.

ಸೋಮವಾರ ಕ್ಯಾಂಟೀನ್‌ನಲ್ಲಿ ಅವಳಿಗೆ ಅದನ್ನೇ ಹೇಳಿದೆ. ‘ನೀನು ಹೋಗು. ದೂರ ಇದ್ದರೆ ಏನಾಗುತ್ತೋ ಅಂತ ನನಗೆ ಭಯ. ಆದರೂ ಬಿಡೋ ಮನಸ್ಸಿಲ್ಲ.’

ಅವಳು ಟೀ ಲೋಟ ಕೆಳಗಿಟ್ಟು, ‘ಇಷ್ಟು ಹೇಳೋಕೆ ನಿನಗೊಂದು ಸಿನಿಮಾ ಬೇಕಾಯ್ತೇನೋ?’ ಎಂದಳು.

ಅವಳ ವೀಸಾ, ನನ್ನ ಕೆಲಸ, ಎರಡು ಮನೆಯವರ ಒಪ್ಪಿಗೆ, ಯಾವುದೂ ಇನ್ನೂ ಆಗಿಲ್ಲ. ಆದರೆ ‘ಆಮೇಲೆ ನೋಡೋಣ’ ಅನ್ನೋದನ್ನು ಮಾತ್ರ ನಾನು ಬಿಟ್ಟಿದ್ದೇನೆ.